ಕೊಡಗಿನ ಮನೆಗೆ ಐಷಾರಾಮಿ ಎಸ್ಟೇಟ್ ಕಾರು ಹೊಂದೀತೇ? ಅನುಭವವಿದ್ದವರು ತಿಳಿಸಿ

ವಿರಾಜಪೇಟೆ ಸಮೀಪದಿಂದ ಪ್ರಶ್ನೆ:
ವಯಸ್ಸಾದ ತಂದೆತಾಯಿ, ನಾವು ದಂಪತಿ, ಇಬ್ಬರು ಮಕ್ಕಳು ಮತ್ತು ಒಂದು ದೊಡ್ಡ ನಾಯಿ ಇರುವ ಸಂಸಾರ ನಮ್ಮದು. ಆಗಾಗ ಬೆಂಗಳೂರಿಗೆ ಹೋಗಿಬರಬೇಕಾಗುತ್ತದೆ. ಎಸ್ಟೇಟ್ ಕಾರು, ಅಂದರೆ ಸೆಡಾನಿನಂತೆ ತಗ್ಗಾಗಿದ್ದು ಚಾವಣಿ ಡಿಕ್ಕಿಯ ಮೇಲೂ ಚಾಚಿರುವ ಉದ್ದನೆಯ ಕಾರು, ನಮ್ಮ ಮನಸ್ಸಿನಲ್ಲಿದೆ. ಬಳಸಿದ ವೋಲ್ವೋ ವಿ90 ಕ್ರಾಸ್ ಕಂಟ್ರಿ ಅಥವಾ ಮರ್ಸಿಡಿಸ್ ಇ-ಕ್ಲಾಸ್ ಆಲ್-ಟೆರೇನ್ ಕೊಳ್ಳುವ ಯೋಚನೆಯಿದೆ. ನೆಂಟರಿಷ್ಟರೆಲ್ಲ ಎಸ್‌ಯುವಿಯನ್ನೇ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ.

ಮಡಿಕೇರಿಯಿಂದ ಉತ್ತರ:
ನಮಸ್ಕಾರ. ವಿ90 ಕ್ರಾಸ್ ಕಂಟ್ರಿಯನ್ನು ನಾನು ಕೆಲವು ಮಳೆಗಾಲಗಳಿಂದ ಓಡಿಸುತ್ತಿದ್ದೇನೆ. ತಾವು ಕಾರನ್ನು ನೋಡುವ ಮೊದಲು ಡಾಂಬರು ರಸ್ತೆಯಿಂದ ಮನೆಯಂಗಳದವರೆಗಿನ ದಾರಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಈ ಕಾರಿಗೆ ನೆಲದಿಂದ 210 ಮಿ.ಮೀ. ಎತ್ತರವಿದೆ, ಎಷ್ಟೋ ಎಸ್‌ಯುವಿಗಳಿಗೆ ಇರುವುದೂ ಅಷ್ಟೇ. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು ಮೂರು ಮೀಟರ್ ಅಂತರವಿರುವುದರಿಂದ, ತೋಟದ ಗೇಟಿನ ಬಳಿ ಏರು ಮುಗಿದು ತಟ್ಟನೆ ಇಳಿಜಾರು ಶುರುವಾಗುವ ದಿಬ್ಬವಿದ್ದರೆ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಜನ ಕುಳಿತು, ಡಿಕ್ಕಿ ತುಂಬಿದ ಮೇಲೆ ಆ ಜಾಗವನ್ನು ದಾಟಿಸಿ ನೋಡದೆ ಮುಂಗಡ ಕೊಡಬೇಡಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಣ್ಣುದಾರಿ ಜಾರುವಾಗ ನಾಲ್ಕೂ ಚಕ್ರಗಳಿಗೆ ಶಕ್ತಿ ಸಿಗುವುದು ಉಪಯೋಗಕ್ಕೆ ಬರುತ್ತದೆಯಾದರೂ ಟಯರುಗಳು ಡಾಂಬರಿಗೆಂದೇ ಮಾಡಿದವು. ಕಾಫಿ ಮೂಟೆಗೂ ಕೆಸರಿಗೂ ಮನೆಯ ಹಳೆಯ ಜೀಪನ್ನು ಇಟ್ಟುಕೊಳ್ಳಿ.

ಡಾಂಬರಿನ ಮೇಲೆ ಮಾತ್ರ ಈ ಕಾರಿನ ಬಗ್ಗೆ ದೂರುವುದಕ್ಕೇನೂ ಇಲ್ಲ. ಭಾರವೆಲ್ಲ ತಗ್ಗಿನಲ್ಲಿರುವುದರಿಂದ ಸಂಪಾಜೆ ಘಾಟಿಯ ತಿರುವುಗಳಲ್ಲಿ ಅಷ್ಟಾಗಿ ಓಲಾಡುವುದಿಲ್ಲ. ನಮ್ಮ ಮಕ್ಕಳು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುವುದು ಬಹುಮಟ್ಟಿಗೆ ನಿಂತಿತು. ನಾಯಿಗೂ ಅನುಕೂಲವೇ. ನಮ್ಮ ಮುದಿ ಲ್ಯಾಬ್ರಡಾರ್ ಡಿಕ್ಕಿಯ ಅಂಚಿನ ಮೇಲೆ ಮುಂಗಾಲಿಟ್ಟು ಹಿಂದಿರುಗಿ ನೋಡುತ್ತದೆ, ಹಿಂಬದಿಯನ್ನು ಸ್ವಲ್ಪ ದೂಡಿದರೆ ಸಾಕು. ಹಿಂದಿದ್ದ ಎಸ್‌ಯುವಿಗೆ ಅದನ್ನು ಹೊತ್ತೇ ಹಾಕಬೇಕಿತ್ತು. ತಂದೆತಾಯಿಯವರ ಮೊಣಕಾಲಿನ ವಿಷಯವನ್ನು ಮಾತ್ರ ಅವರನ್ನೇ ಹತ್ತಿಸಿ, ಇಳಿಸಿ ತೀರ್ಮಾನಿಸಬೇಕು.

ಗೋಣಿಕೊಪ್ಪಲಿನಿಂದ ಉತ್ತರ:
ಮೇಲಿನವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ತಮ್ಮ ಮನೆಯಲ್ಲಿ ಆರು ಜನರಿದ್ದೀರಿ, ಈ ಎರಡೂ ಕಾರುಗಳಲ್ಲಿರುವುದು ಐದೇ ಸೀಟು. ಎಲ್ಲರೂ ಒಟ್ಟಿಗೆ ಹೊರಡುವುದು ಪುತ್ತರಿ ಹಬ್ಬಕ್ಕೋ ಮದುವೆಗೋ ಮಾತ್ರವಾದರೆ ಇನ್ನೊಂದು ವಾಹನ ತೆಗೆದು ಸುಧಾರಿಸಬಹುದು. ಪ್ರತಿಸಲವೂ ಹಾಗೆಯೇ ಆದರೆ ಮೂರು ಸಾಲಿನ ಕಾರನ್ನೇ ನೋಡಿ, ಎಸ್ಟೇಟಿನ ಆಸೆ ಬಿಡಿ.

ನಾನು ಆಲ್-ಟೆರೇನ್ ಬಳಸುತ್ತಿದ್ದೇನೆ. ಸೀಟು ಮಡಚದೆಯೇ 640 ಲೀಟರ್ ಡಿಕ್ಕಿ ಸಿಗುತ್ತದೆ, ವೋಲ್ವೋದಲ್ಲಿ 560. ಗಾಳಿ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳು) ಇರುವುದರಿಂದ ನಿಧಾನವಾಗಿ ಹೋಗುವಾಗ ಕಾರನ್ನು ಸ್ವಲ್ಪ ಮೇಲೆತ್ತಿಕೊಳ್ಳಬಹುದು. ಅದೇ ಸಸ್ಪೆನ್ಷನ್ ಹಳೆಯದಾದ ಮೇಲೆ ದುಬಾರಿ ಖರ್ಚಿಗೂ ದಾರಿಯಾಗುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದು ನಿಂತಿದ್ದರೆ ಗಾಳಿ ಸೋರುತ್ತಿದೆ ಎಂದೇ ತಿಳಿಯಿರಿ.

ಇನ್ನೊಂದು ವಿಷಯ. ದೆಹಲಿಯಲ್ಲಿ ಹಳೆಯ ಡೀಸೆಲ್ ಕಾರುಗಳಿಗಿರುವ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ಅಗ್ಗವಾಗಿ ಕಾಣುತ್ತವೆ. ಅವನ್ನು ತಂದು ಕೆಎ-12 (ಕೊಡಗಿನ ನೋಂದಣಿ) ಮಾಡಿಸಲು ಅಲ್ಲಿಯ ಆರ್‌ಟಿಒ ಕೊಡುವ ಎನ್ಒಸಿಯ (ನಿರಾಕ್ಷೇಪಣಾ ಪತ್ರ) ಜೊತೆಗೆ ಇಲ್ಲಿಯ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. 20 ಲಕ್ಷ ರೂಪಾಯಿ ಮೀರಿದ ಹೊಸ ಕಾರಿಗೆ ಅದು ಶೇ. 18, ಹಳೆಯದಕ್ಕೆ ವಯಸ್ಸಿನ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಕರ್ನಾಟಕದಲ್ಲೇ ನೋಂದಣಿಯಾದ, ಸರ್ವಿಸ್ ದಾಖಲೆ ಪೂರ್ತಿಯಿರುವ ಕಾರು ಸಿಗುವವರೆಗೆ ಕಾಯಿರಿ.