ಒಳ್ಳೆಯದೇ ಆದರೂ ಸುಸ್ತಾಗುತ್ತದೆ ಪುಟ್ಟಿ

ಪುಟ್ಟಿ, ಚಿಕ್ಕಮ್ಮ ಮಾತಾಡುತ್ತಿದ್ದೇನೆ. ಟೈಪ್ ಮಾಡಲು ಹೋಗಿ ಮೂರು ಸಲ ಅಳಿಸಿದೆ. ಬಾಯಲ್ಲೇ ಹೇಳಿಬಿಡೋಣ ಅನ್ನಿಸಿತು. ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳು.

ನಿನ್ನೆ ನಡುರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಬೆಳಗ್ಗೆ ನೋಡಿದೆ. ಹೊಸ ಕೆಲಸ ಸಿಕ್ಕಿತು, ಹೊಸ ಮನೆಗೂ ಬಂದಾಯಿತು, ಆದರೂ ನಿದ್ದೆ ಇಲ್ಲ, ಪಾತ್ರೆ ತೊಳೆಯುತ್ತಾ ನಿಂತಲ್ಲೇ ಅಳು ಬರುತ್ತದೆ ಅಂತ. 'ನನಗೇನು ಕಮ್ಮಿ ಆಗಿದೆ ಅಂತ ಹೀಗಾಡುತ್ತಿದ್ದೇನೆ' ಎಂದು ಕೇಳಿದ್ದೀಯ. ಅದರ ಕೆಳಗೆ ಭಾವ, 'ಎಲ್ಲಾ ಒಳ್ಳೆಯದೇ ಆಗಿದೆಯಲ್ಲ, ಸುಮ್ನೆ ಯೋಚನೆ ಮಾಡಬೇಡ' ಅಂತ ಬರೆದಿದ್ದಾರೆ. ಭಾವ, ನೀವು ಬೇಜಾರು ಮಾಡಿಕೊಳ್ಳಬೇಡಿ. ಮಗಳು ಅಳುತ್ತಾಳೆ ಅಂದರೆ ಅಪ್ಪನಿಗೆ ಕೈಕಾಲು ಆಡುವುದಿಲ್ಲ, ಆ ಭಯಕ್ಕೇ ಹೇಳಿದ್ದು ಅಂತ ಗೊತ್ತು. ಆದರೆ ಆ ಮಾತು ಕೇಳಿದವರು ಮುಂದಿನ ಸಲ ಹೇಳುವುದನ್ನೇ ಬಿಟ್ಟುಬಿಡುತ್ತಾರೆ. ನಾನು ಹಾಗೆ ಬಿಟ್ಟವಳು.

ನಾನು ರಿಟೈರ್ ಆದಾಗ ನೀವೆಲ್ಲ ಎಷ್ಟು ಖುಷಿಪಟ್ಟಿರಿ. ನನಗೂ ಖುಷಿಯೇ ಇತ್ತು. ಆದರೆ ಎರಡನೇ ವಾರ ಒಂದು ಬೆಳಗ್ಗೆ, ಸರಿಯಾಗಿ ಹೊರಡುವ ಹೊತ್ತಿಗೆ, ಹಳೇ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದೆ. ಜಿಪ್ ಎಳೆಯುವುದು, ಹಾಕುವುದು, ಮತ್ತೆ ಎಳೆಯುವುದು. ಒಳಗೆ ಒಂದು ಪೆನ್ನು ಬಿಟ್ಟರೆ ಏನೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ನಿಮ್ಮ ಚಿಕ್ಕಪ್ಪ ಬಂದು ಏನಾಯಿತು ಅಂದರು, ಏನಿಲ್ಲ ಅಂದೆ. ಆ 'ಏನಿಲ್ಲ' ಎಂಬುದನ್ನು ಐದು ತಿಂಗಳು ಹೇಳಿಕೊಂಡು ಬಂದೆ. ರಾತ್ರಿ ಮೂರಕ್ಕೆ ಎಚ್ಚರ ಆದರೆ ಬೆಳಗಿನವರೆಗೆ ಫ್ಯಾನ್ ನೋಡುವುದು.

ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಒಂದು ಪಟ್ಟಿ ತೋರಿಸಿದರು. 1967ರಲ್ಲಿ ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಅನ್ನುವ ಇಬ್ಬರು ಅಮೆರಿಕದ ವೈದ್ಯರು ಮಾಡಿದ್ದು. ಬದುಕಿನಲ್ಲಿ ಆಗುವ 43 ಬದಲಾವಣೆಗಳಿಗೆ, ಹೊಂದಿಕೊಳ್ಳಲು ಎಷ್ಟು ಶ್ರಮ ಬೇಕು ಅಂತ ಅಂಕ ಕೊಟ್ಟಿದ್ದಾರೆ. ಗಂಡ ಅಥವಾ ಹೆಂಡತಿ ತೀರಿಕೊಂಡರೆ 100. ಸರಿ, ಅದು ಯಾರಿಗಾದರೂ ಅರ್ಥ ಆಗುತ್ತದೆ. ಆದರೆ ಮದುವೆಗೆ 50 ಇದೆ ಪುಟ್ಟಿ! ನಿವೃತ್ತಿಗೆ 45. ರಜೆ ಹಾಕಿ ಪ್ರವಾಸ ಹೋಗುವುದಕ್ಕೂ 13. ಅದನ್ನು ನೋಡಿ ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ನಾನು ಕೃತಜ್ಞತೆ ಇಲ್ಲದವಳಲ್ಲ, ಸುಸ್ತಾದವಳು ಅಂತ ಮೊದಲ ಸಲ ಅನ್ನಿಸಿತು.

ಈಗ ನಿನ್ನದನ್ನು ಕೂಡಿಸು. ಬೇರೆ ಥರದ ಕೆಲಸಕ್ಕೆ ಹೋಗಿದ್ದೀಯ, 36. ಮನೆಗೆ ದೊಡ್ಡ ಸಾಲ, 31. ಮನೆ ಬದಲಾಯಿಸಿದ್ದು 20. ಹಳೇ ಗೆಳತಿಯರ ಜೊತೆ ಓಡಾಟ ತಪ್ಪಿದ್ದು 18. ನಿದ್ದೆಯ ಹೊತ್ತು ಏರುಪೇರಾದದ್ದು 16. ಒಟ್ಟು 121 ಆಯಿತು. ಎಲ್ಲರಿಗೂ ಒಂದೇ ಅಳತೆ ಅಂತ ಅಲ್ಲ, ಒಬ್ಬರಿಗೆ ಹಗುರ ಆದದ್ದು ಇನ್ನೊಬ್ಬರಿಗೆ ಭಾರ. ಆದರೆ 'ಏನೂ ಆಗಿಲ್ಲ' ಅಂತ ಮಾತ್ರ ಹೇಳಬೇಡ.

ಯಾಕೆ ಹೀಗಾಗುತ್ತದೆ ಗೊತ್ತಾ? ಹಳೇ ಮನೆಯಲ್ಲಿ ಕತ್ತಲಲ್ಲೂ ಸ್ವಿಚ್ ಎಲ್ಲಿದೆ ಅಂತ ಕೈಗೇ ಗೊತ್ತಿತ್ತು. ಈಗ ಗೋಡೆ ತಡಕಬೇಕು. ಆಫೀಸಿನಲ್ಲಿ ಯಾರನ್ನು ಏನು ಕೇಳಬೇಕು, ಯಾರ ಮುಖ ಯಾಕೆ ಹೀಗಿದೆ, ಎಲ್ಲಾ ಹೊಸದಾಗಿ ಯೋಚಿಸಬೇಕು. ಅಭ್ಯಾಸದ ಮೇಲೆ ನಡೆಯುತ್ತಿದ್ದ ನೂರು ಕೆಲಸ ಒಂದೇ ಸಲ ತಲೆಯ ಮೇಲೆ ಬಂದು ಕೂತಿವೆ. ಮೈಯೂ ದಿನವಿಡೀ ಎಚ್ಚರದಲ್ಲೇ ಇರುತ್ತದೆ. ಕಾರ್ಟಿಸಾಲ್ ಅಂತ ಒಂದು ಹಾರ್ಮೋನ್ ಇದೆ, ಬೆಳಗ್ಗೆ ಏರಿ ರಾತ್ರಿ ಇಳಿಯಬೇಕು. ಒತ್ತಡ ಬಹಳ ದಿನ ನಿಂತರೆ ಆ ಲಯ ತಪ್ಪಬಹುದು. ನಿದ್ದೆ ಕೆಟ್ಟರೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ, ಮನಸ್ಸು ಕುಗ್ಗಿದರೆ ನಿದ್ದೆ ಇನ್ನೂ ದೂರ.

ಅದಕ್ಕೇ ನಿದ್ದೆಯಿಂದ ಶುರು ಮಾಡು ಅನ್ನುತ್ತೇನೆ. ನನಗೆ ಕೈ ಹಿಡಿದದ್ದು ಅದೇ. ಎಷ್ಟೇ ತಡವಾಗಿ ಮಲಗು, ಏಳುವ ಹೊತ್ತು ಒಂದೇ ಇರಲಿ, ರಜಾ ದಿನವೂ. ಎದ್ದ ಮೇಲೆ ಸ್ವಲ್ಪ ಹೊತ್ತು ಹೊರಗಿನ ಬೆಳಕಿಗೆ ಹೋಗು. ರಾತ್ರಿ 20 ನಿಮಿಷ ಹೊರಳಾಡಿದರೂ ನಿದ್ದೆ ಬರಲಿಲ್ಲ ಅಂದರೆ ಎದ್ದು ಬೇರೆ ಕಡೆ ಕೂತುಕೋ. ಕಣ್ಣು ಎಳೆದಾಗ ಬಂದು ಮಲಗು. ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ ಅಂತ ತಲೆಗೆ ಅಭ್ಯಾಸ ಆಗಬಾರದು. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡು, ಮೂರು ಗಂಟೆ ಆಯಿತಾ ಅಂತ ಲೆಕ್ಕ ಹಾಕುವುದರಲ್ಲೇ ಅರ್ಧ ಗಾಬರಿ ಇರುತ್ತದೆ.

ಇನ್ನೊಂದು. ಸದ್ಯಕ್ಕೆ ಹೊಸದೇನನ್ನೂ ಮೈಮೇಲೆ ಎಳೆದುಕೊಳ್ಳಬೇಡ. ಆ ಸಂಜೆ ಕೋರ್ಸ್ ಮುಂದಿನ ವರ್ಷಕ್ಕೂ ಇರುತ್ತದೆ. ಹಳೆಯದು ಒಂದಾದರೂ ಹಾಗೇ ಇರಲಿ. ನೀನು ಸಂಜೆ ನಡೆಯಲು ಹೋಗುತ್ತಿದ್ದೆಯಲ್ಲ, ಬೀದಿ ಹೊಸದಾದರೂ ಅದೇ ಹೊತ್ತಿಗೆ ಹೋಗು.

ಇದನ್ನು ಸರಿಯಾಗಿ ಕೇಳು. ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು, ಇಷ್ಟದ ಕೆಲಸವೂ ಬೇಡ ಅನ್ನಿಸುವುದು ಎರಡು ವಾರ ಹೆಚ್ಚುಕಮ್ಮಿ ದಿನಾ ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಥೈರಾಯ್ಡ್ ಕಮ್ಮಿ ಇದ್ದರೂ ಹೀಗೆ ಆಗುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಖಿನ್ನತೆ ಅಂದರೂ ಹೆದರಬೇಡ. ಮಾತ್ರೆ ಬೇಕಾದರೆ ಬರೆದುಕೊಡುತ್ತಾರೆ, ಅದು ಕೆಲಸ ಮಾಡಲು ಕೆಲವು ವಾರ ಬೇಕು, ಸರಿಹೋಯಿತು ಅಂತ ನಮ್ಮಷ್ಟಕ್ಕೆ ನಾವೇ ನಿಲ್ಲಿಸಬಾರದು. ಮಾತಾಡುವ ಚಿಕಿತ್ಸೆಯೂ ಇದೆ. ನನಗೆ ಮಾತೇ ಸಾಕಾಯಿತು. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಸುಳಿದರೂ ಎರಡು ವಾರ ಕಾಯಬೇಡ. ಆ ಕ್ಷಣವೇ ಫೋನ್ ಮಾಡು. ನಡುರಾತ್ರಿ ಆದರೂ ಪರವಾಗಿಲ್ಲ, ನಾನು ಎದ್ದು ಬರುತ್ತೇನೆ, ಇಬ್ಬರೂ ಕೂಡಿ ಡಾಕ್ಟರ ಹತ್ತಿರ ಹೋಗೋಣ.

ಭಾವ, ನೀವು ಒಂದು ಮಾಡಿ. ಅವಳಿಗೆ ಫೋನ್ ಮಾಡಿ 'ಏನಾಯಿತಮ್ಮಾ' ಅಂತ ಕೇಳಿ, ಆಮೇಲೆ ಸುಮ್ಮನಿರಿ. ಅವಳು ಅತ್ತರೂ ಸುಮ್ಮನಿರಿ. ಕಷ್ಟ ಆಗುತ್ತದೆ, ಗೊತ್ತು.

ಪುಟ್ಟಿ, ಸಂಜೆ ಆರೂವರೆಗೆ ನಾನೂ ಇಲ್ಲಿ ನಡೆಯಲು ಹೊರಡುತ್ತೇನೆ. ಆಗ ಫೋನ್ ಮಾಡುತ್ತೇನೆ. ನೀನು ಅಲ್ಲಿ ನಡಿ, ನಾನು ಇಲ್ಲಿ. ಮಾತಾಡಲು ಮನಸ್ಸಿಲ್ಲದಿದ್ದರೂ ಎತ್ತು, ಸುಮ್ನೆ ಕಿವಿಗೆ ಹಾಕಿಕೊಂಡು ನಡೆಯೋಣ.