ಎಗ್ ಬಾಯ್ಲರ್ ಕೊಳ್ಳಬೇಕೇ, ಒಲೆಯ ಮೇಲಿನ ಪಾತ್ರೆಯೇ ಸಾಕೇ?

ಪ್ರಶ್ನೆ

ಬೆಂಗಳೂರಿನ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯ ಜೊತೆಗೆ ದಿನವೂ ಆರು ಮೊಟ್ಟೆ ಬೇಯಿಸುತ್ತೇನೆ. ಮಕ್ಕಳಿಗೆ ಹಳದಿ ಪೂರ್ತಿ ಗಟ್ಟಿಯಾಗಿರಬೇಕು, ಯಜಮಾನರಿಗೆ ನಡುವೆ ಸ್ವಲ್ಪ ಮೆತ್ತಗಿರಬೇಕು. ತಣ್ಣೀರಿನಲ್ಲಿ ಮೊಟ್ಟೆ ಇಟ್ಟು ಒಲೆ ಹಚ್ಚುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಪಕ್ಕದ ಒಲೆಯ ಮೇಲೆ ಹಾಲೂ ಒಗ್ಗರಣೆಯೂ ಇರುವ ಆ ಹೊತ್ತಿನಲ್ಲಿ ಗಡಿಯಾರ ನೋಡಲು ಬಿಡುವಿರುವುದಿಲ್ಲ. ಕೆಲವು ದಿನ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಗೆರೆ ಕಾಣುತ್ತದೆ, ಇನ್ನು ಕೆಲವು ದಿನ ಸಿಪ್ಪೆಯ ಜೊತೆಗೆ ಬಿಳಿ ಭಾಗವೂ ಕಿತ್ತು ಬರುತ್ತದೆ. ಎಗ್ ಬಾಯ್ಲರ್ ತಂದರೆ ಇವೆರಡೂ ಸರಿಹೋಗುತ್ತವೆಯೇ? ಕರೆಂಟು ಹೆಚ್ಚು ಎಳೆಯುತ್ತದೆಯೇ?

ಉತ್ತರ 1

ಹೆಸರಿನಲ್ಲಿ ಬಾಯ್ಲರ್ ಎಂದಿದ್ದರೂ ಈ ಯಂತ್ರ ಮೊಟ್ಟೆಯನ್ನು ನೀರಿನಲ್ಲಿ ಕುದಿಸುವುದಿಲ್ಲ, ಹಬೆಯಲ್ಲಿ ಬೇಯಿಸುತ್ತದೆ. ತಳದ ತಟ್ಟೆಗೆ ಅಳತೆ ಲೋಟದಿಂದ ಸ್ವಲ್ಪ ನೀರು ಹಾಕುತ್ತೇವೆ. ಆ ನೀರು ಇರುವವರೆಗೂ ತಟ್ಟೆಯ ಶಾಖ ಒಂದು ಮಿತಿಯಲ್ಲಿರುತ್ತದೆ, ನೀರು ಆರಿದ ಕೂಡಲೇ ಶಾಖ ಥಟ್ಟನೆ ಏರುತ್ತದೆ, ಆಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿಯುತ್ತದೆ. ಅಂದರೆ ಸಾಮಾನ್ಯ ಮಾದರಿಗಳಲ್ಲಿ ಗಡಿಯಾರವೇ ಇಲ್ಲ, ನೀರಿನ ಅಳತೆಯೇ ಸಮಯದ ಅಳತೆ. ಲೋಟವನ್ನು ಗಮನಿಸಿದರೆ ಒಂದು ಮೊಟ್ಟೆಯ ಗೆರೆ ಆರು ಮೊಟ್ಟೆಯ ಗೆರೆಗಿಂತ ಮೇಲಿರುವುದು ಕಾಣುತ್ತದೆ. ಇದು ತಪ್ಪಾಗಿ ಮುದ್ರಿಸಿದ್ದಲ್ಲ. ತಣ್ಣನೆಯ ಮೊಟ್ಟೆಗಳಿಗೆ ತಗುಲಿದ ಹಬೆ ಹನಿಗಟ್ಟಿ ತಟ್ಟೆಗೆ ಮರಳಿ ಬಿದ್ದು ಮತ್ತೆ ಕುದಿಯುತ್ತದೆ. ಮೊಟ್ಟೆ ಹೆಚ್ಚಿದಷ್ಟೂ ಹೀಗೆ ಮರಳುವ ನೀರು ಹೆಚ್ಚು, ಆದ್ದರಿಂದ ಮೊದಲು ಹಾಕುವ ನೀರು ಕಡಿಮೆ ಸಾಕು.

ಇದರಿಂದಲೇ ನಿಮ್ಮ ಮನೆಗೆ ಒಂದು ತೊಡಕಿದೆ. ಒಂದೇ ಸಲಕ್ಕೆ ಐದು ಗಟ್ಟಿ, ಒಂದು ಮೆತ್ತಗೆ ಬೇಕೆಂದರೆ ನಡುವೆ ನೀವೇ ಮುಚ್ಚಳ ತೆಗೆದು ಆ ಒಂದನ್ನು ಎತ್ತಬೇಕು; ಹಾಗೆ ಕಾಯುತ್ತ ನಿಲ್ಲುವುದಾದರೆ ಯಂತ್ರ ಕೊಂಡ ಪ್ರಯೋಜನವೇ ಉಳಿಯುವುದಿಲ್ಲ.

ಕರೆಂಟಿನ ಬಗ್ಗೆ ಚಿಂತೆ ಬೇಡ. ಬಹಳಷ್ಟು ಮಾದರಿಗಳು 350ರಿಂದ 400 ವ್ಯಾಟಿನವು. 12 ನಿಮಿಷ ಉರಿದರೂ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ.

ಉತ್ತರ 2

ಮೇಲಿನವರು ಹೇಳಿದ ಹಬೆಯ ಕೆಲಸಕ್ಕೆ ನಿಮ್ಮ ಮನೆಯಲ್ಲಿ ಆಗಲೇ ಇಡ್ಲಿ ಪಾತ್ರೆ ಇದೆಯಲ್ಲ! ಅದನ್ನು ಬಿಟ್ಟು ಹೊಸ ಯಂತ್ರಕ್ಕೆ ಹಣ ಹಾಕಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ತಳದಲ್ಲಿ ಎರಡು ಲೋಟ ನೀರು ಹಾಕಿ, ಹಬೆ ಜೋರಾಗಿ ಏಳತೊಡಗಿದ ಮೇಲೆ ತೂತಿನ ತಟ್ಟೆಯಲ್ಲಿ ಮೊಟ್ಟೆ ಇಟ್ಟು ಮುಚ್ಚಿ. ಫ್ರಿಜ್ಜಿನಿಂದ ತೆಗೆದ ಮೊಟ್ಟೆಯಾದರೆ ಸುಮಾರು 8 ನಿಮಿಷಕ್ಕೆ ಯಜಮಾನರದ್ದನ್ನು ತೆಗೆಯಿರಿ, 13 ನಿಮಿಷಕ್ಕೆ ಮಕ್ಕಳದ್ದನ್ನು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಮಂಗಳೂರಿನವರು ಹೇಳುವ ಸಮಯಕ್ಕೆ ಇಲ್ಲಿ ಅರ್ಧ ನಿಮಿಷವೋ ಒಂದು ನಿಮಿಷವೋ ಸೇರಿಸಿಕೊಳ್ಳಬೇಕು.

ಸಿಪ್ಪೆ ಅಂಟುವುದಕ್ಕೆ ಮುಖ್ಯ ಕಾರಣ ತಣ್ಣೀರಿನಿಂದ ಶುರುಮಾಡುವುದು. ನಿಧಾನವಾಗಿ ಕಾಯುವ ಬಿಳಿ ಭಾಗ ಒಳಪೊರೆಗೆ ಅಂಟಿಕೊಂಡೇ ಗಟ್ಟಿಯಾಗುತ್ತದೆ. ಒಮ್ಮೆಲೇ ಹಬೆಯೋ ಕುದಿನೀರೋ ತಾಗಿದರೆ ಹಾಗಾಗುವುದು ಕಡಿಮೆ. ಇನ್ನೊಂದು ಕಾರಣ ಮೊಟ್ಟೆ ತೀರಾ ತಾಜಾ ಇರುವುದು. ದಿನ ಕಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿ ಭಾಗ ಹೆಚ್ಚು ಕ್ಷಾರೀಯವಾಗುತ್ತದೆ, ಆಗ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಆ ಹಸಿರು ಗೆರೆ ಬಿಳಿ ಭಾಗದ ಗಂಧಕವೂ ಹಳದಿಯ ಕಬ್ಬಿಣವೂ ಸೇರಿ ಉಂಟಾಗುವಂಥದ್ದು; ತಿಂದರೆ ಅಪಾಯವಿಲ್ಲ, ಆದರೆ ಬೇಯಿಸಿದ್ದು ಹೆಚ್ಚಾಯಿತೆಂಬ ಗುರುತು. ತೆಗೆದ ತಕ್ಷಣ ತಣ್ಣೀರಿಗೆ ಹಾಕಿ. ಯಂತ್ರದಲ್ಲಿ ಬೇಯಿಸಿದರೂ ಇದನ್ನು ತಪ್ಪಿಸುವಂತಿಲ್ಲ, ಏಕೆಂದರೆ ಕರೆಂಟು ನಿಂತ ಮೇಲೂ ಮುಚ್ಚಳದೊಳಗಿನ ಬಿಸಿಯಲ್ಲಿ ಮೊಟ್ಟೆ ಬೇಯುತ್ತಲೇ ಇರುತ್ತದೆ.

ಉತ್ತರ 3

ಇಡ್ಲಿ ಪಾತ್ರೆಯ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲರ ಮನೆಗೂ ಅದು ಹೊಂದುವುದಿಲ್ಲ. ಹಾಸನದಲ್ಲಿ ಒಬ್ಬರೇ ಇರುವ ನಮ್ಮ ತಾಯಿಗೆ ಕಿವಿ ಮಂದ. ಒಲೆಯ ಮೇಲೆ ನೀರು ಆರುವ ಸದ್ದು ಅವರಿಗೆ ಕೇಳಿಸುವುದಿಲ್ಲ. ತಾನಾಗಿಯೇ ನಿಲ್ಲುವ ಯಂತ್ರ ಅವರ ಅಡುಗೆಮನೆಯಲ್ಲಿದೆ ಎಂಬುದೇ ನನಗೆ ದೊಡ್ಡ ಸಮಾಧಾನ. ಗ್ಯಾಸ್ ಇಟ್ಟುಕೊಳ್ಳಲು ಬಿಡದ ಪಿಜಿಗಳಲ್ಲಿರುವ ಮಕ್ಕಳಿಗೂ ಅನುಕೂಲವೇ.

ಕೊಂಡವರು ತಟ್ಟೆಯನ್ನು ನೋಡಿಕೊಳ್ಳಬೇಕು. ಬೋರ್‌ವೆಲ್ ನೀರು ಹಾಕಿದರೆ ಬಿಳಿಯ ಗಟ್ಟಿ ಪದರ ಬೇಗ ಕಟ್ಟುತ್ತದೆ. ನಿಂಬೆರಸ ಬೆರೆಸಿದ ನೀರನ್ನು ಸ್ವಲ್ಪ ಹೊತ್ತು ಕುದಿಸಿ, ಆರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಯಂತ್ರವನ್ನು ನಲ್ಲಿಯ ಕೆಳಗೆ ಹಿಡಿಯಬಾರದು. ಅಳತೆ ಲೋಟದ ಅಡಿಯಲ್ಲಿ ಸೂಜಿಯಿದ್ದರೆ ಬೆರಳು ಜೋಪಾನ. ಅದರಿಂದ ಚುಚ್ಚಬೇಕಾದದ್ದು ಮೊಟ್ಟೆಯ ಅಗಲ ತುದಿಗೆ, ಗಾಳಿಗೂಡು ಇರುವುದು ಅಲ್ಲಿಯೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಡ್ಲಿ ಪಾತ್ರೆಯಲ್ಲೇ ಬೇಯಿಸಿ ನೋಡುತ್ತೇನೆ. ಕೆಲವು ಎಗ್ ಬಾಯ್ಲರ್‌ಗಳ ಜೊತೆಗೆ ಆಮ್ಲೆಟ್ ಮಾಡುವ ಬಟ್ಟಲೂ ಬರುತ್ತದಂತೆ, ಅದು ಹೇಗೆ?

ಉತ್ತರ 2

ಆ ಬಟ್ಟಲಿನಲ್ಲಿ ಆಗುವುದು ಹಬೆಯಲ್ಲಿ ಬೆಂದ ಮೊಟ್ಟೆ, ಆಮ್ಲೆಟ್ ಅಲ್ಲ. ಹಬೆಯ ಶಾಖ 100 ಡಿಗ್ರಿ ದಾಟುವುದಿಲ್ಲ, ಅಂಚು ಕೆಂಪಗಾಗಿ ಘಮ ಬರಬೇಕಾದರೆ ಅದಕ್ಕಿಂತ ಬಹಳ ಹೆಚ್ಚು ಶಾಖ ಬೇಕು. ಎಣ್ಣೆ ಬೇಡವೆನ್ನುವವರಿಗೆ ಅದು ಆದೀತು. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿದ ನಮ್ಮ ಆಮ್ಲೆಟ್ಟಿಗೆ ಒಲೆಯ ಮೇಲಿನ ಕಾವಲಿಯೇ ಬೇಕು.