ಪದಚರ್ಚೆ: ಎರಡು ಮಾನಿಟರ್‌ಗಳ ಕೈಪಿಡಿಗೆ ‘ಎಕ್ಸ್‌ಟೆಂಡ್’, ‘ಡೂಪ್ಲಿಕೇಟ್’, ‘ಮೇನ್ ಡಿಸ್‌ಪ್ಲೇ’ – ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಒಂದೇ ಕಂಪ್ಯೂಟರ್‌ಗೆ ಎರಡು ಮೂರು ಮಾನಿಟರ್ ಹಾಕಿಕೊಂಡು ಕೆಲಸ ಮಾಡುವವರಿಗೆಂದು ಕನ್ನಡದಲ್ಲಿ ಒಂದು ಕಿರು ಕೈಪಿಡಿ ಸಿದ್ಧವಾಗುತ್ತಿದೆ. ಹಂತಗಳನ್ನೆಲ್ಲ ಬರೆದಾಗಿದೆ. ಕೆಲವು ಪದಗಳ ಬಗ್ಗೆ ಮಾತ್ರ ತೀರ್ಮಾನಕ್ಕೆ ಬರಲಾಗುತ್ತಿಲ್ಲ, ಬಲ್ಲವರು ತಿಳಿಸಿಕೊಡಬೇಕು.

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ: ‘ಪಿಸಿ ಸ್ಕ್ರೀನ್ ಓನ್ಲಿ’, ‘ಡೂಪ್ಲಿಕೇಟ್’, ‘ಎಕ್ಸ್‌ಟೆಂಡ್’, ‘ಸೆಕೆಂಡ್ ಸ್ಕ್ರೀನ್ ಓನ್ಲಿ’. ಕರಡಿನಲ್ಲಿ ಇವನ್ನು ‘ಪಿಸಿ ಪರದೆ ಮಾತ್ರ’, ‘ಪ್ರತಿಬಿಂಬ’, ‘ಹಿಗ್ಗಿಸು’, ‘ಎರಡನೇ ಪರದೆ ಮಾತ್ರ’ ಎಂದು ಮಾಡಿದ್ದೇವೆ. ಓದಿದವರಲ್ಲಿ ಕೆಲವರು ‘ಹಿಗ್ಗಿಸು’ ಎಂದರೆ ಅಕ್ಷರಗಳು ದೊಡ್ಡದಾಗುವುದು ಎಂದು ತಿಳಿದುಕೊಂಡರು. ‘ವಿಸ್ತರಿಸು’, ‘ಚಾಚು’, ‘ಹರಡು’ – ಇವುಗಳಲ್ಲಿ ಯಾವುದು ಹೊಂದುತ್ತದೆ?

‘ಮೇನ್ ಡಿಸ್‌ಪ್ಲೇ’ಗೆ ‘ಪ್ರಾಥಮಿಕ ಪ್ರದರ್ಶಕ’ ಎಂಬ ಸಲಹೆ ಬಂದಿದೆ. ಓದಲು ಬಹಳ ಗಡುಸು. ಹಾಗೆಯೇ ಮಾನಿಟರ್, ಸ್ಕ್ರೀನ್, ಡಿಸ್‌ಪ್ಲೇ ಮೂರಕ್ಕೂ ‘ಪರದೆ’ ಎಂದೇ ಬರೆದುಕೊಂಡು ಹೋಗಬಹುದೇ, ಅಥವಾ ಬೇರೆ ಬೇರೆ ಇಡಬೇಕೇ?

ಉತ್ತರ

ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಸರಿಯಾದರೆ ಉಳಿದವು ಅರ್ಧ ಸರಿಯಾದ ಹಾಗೆ.

ಮೂರಕ್ಕೂ ‘ಪರದೆ’ ಬೇಡ. ‘ಪರದೆಯನ್ನು ಆಫ್ ಮಾಡಿ’ ಎಂದರೆ ಓದುಗರು ಮಾನಿಟರ್‌ನ ಗುಂಡಿ ಒತ್ತಬೇಕೋ, ಸೆಟ್ಟಿಂಗ್ಸ್‌ನಲ್ಲಿ ಆ ಡಿಸ್‌ಪ್ಲೇಯನ್ನು ಬಿಡಿಸಬೇಕೋ ಗೊತ್ತಾಗುವುದಿಲ್ಲ. ಎರಡರ ಫಲ ಬೇರೆ. ಗುಂಡಿ ಒತ್ತಿ ಮಾನಿಟರ್ ಆರಿಸಿದರೂ ಎಷ್ಟೋ ಸಲ ಕಂಪ್ಯೂಟರ್‌ನ ಲೆಕ್ಕದಲ್ಲಿ ಅದು ಇದ್ದೇ ಇರುತ್ತದೆ, ಕರ್ಸರ್ ಆ ಕತ್ತಲೆಯೊಳಗೆ ಹೋಗಿ ಕಾಣೆಯಾಗುತ್ತದೆ. ಆದ್ದರಿಂದ ಮೇಜಿನ ಮೇಲಿರುವ ಸಾಧನಕ್ಕೆ ‘ಮಾನಿಟರ್’, ಚಿತ್ರ ಮೂಡುವ ಜಾಗಕ್ಕೆ ‘ಪರದೆ’, ಐಕಾನುಗಳೂ ಕಿಟಕಿಗಳೂ ಇರುವ ಕೆಲಸದ ಹರವಿಗೆ ‘ಡೆಸ್ಕ್‌ಟಾಪ್’ ಎಂದು ಕೈಪಿಡಿಯುದ್ದಕ್ಕೂ ಪಾಲಿಸಿ. ‘ಪ್ರದರ್ಶಕ’ ಬೇಡವೇ ಬೇಡ, ಆಡುಮಾತಿನಲ್ಲಿ ಯಾರೂ ಬಳಸುವುದಿಲ್ಲ.

ಇಷ್ಟು ಮಾಡಿಕೊಂಡರೆ ಎಕ್ಸ್‌ಟೆಂಡ್‌ಗೂ ಡೂಪ್ಲಿಕೇಟ್‌ಗೂ ಇರುವ ವ್ಯತ್ಯಾಸವನ್ನು ಎಣಿಸಿ ಹೇಳಬಹುದು. ಎಕ್ಸ್‌ಟೆಂಡ್‌ನಲ್ಲಿ ಮಾನಿಟರ್ ಎರಡು, ಚಿತ್ರ ಎರಡು, ಡೆಸ್ಕ್‌ಟಾಪ್ ಒಂದು. ಡೂಪ್ಲಿಕೇಟ್‌ನಲ್ಲಿ ಮಾನಿಟರ್ ಎರಡು, ಚಿತ್ರ ಒಂದೇ. ಯಾವ ಪದ ಆರಿಸಿದರೂ ಅದು ಈ ಎಣಿಕೆಯನ್ನು ಕೆಡಿಸಬಾರದು.

ಎಕ್ಸ್‌ಟೆಂಡ್‌ಗೆ ‘ವಿಸ್ತರಿಸು’ ಇರಲಿ. ಆದರೆ ಏನನ್ನು ವಿಸ್ತರಿಸುವುದು ಎಂಬುದನ್ನು ಬಿಡಬೇಡಿ. ‘ಪರದೆ ವಿಸ್ತರಿಸಿ’ ಎಂದರೆ ಚಿತ್ರ ದೊಡ್ಡದಾಗುತ್ತದೆ ಎಂದೇ ಅರ್ಥ ಬರುವುದು. ‘ಡೆಸ್ಕ್‌ಟಾಪನ್ನು ಎರಡನೇ ಮಾನಿಟರ್‌ವರೆಗೂ ವಿಸ್ತರಿಸಿ’ ಎಂದರೆ ಗೊಂದಲವಿಲ್ಲ. ಒಳಗೆ ನಡೆಯುವುದೂ ಅದೇ. ಕಂಪ್ಯೂಟರ್‌ನ ಸ್ಥಾನದ ಲೆಕ್ಕದಲ್ಲಿ ಮುಖ್ಯ ಪರದೆಯ ಎಡ ಮೇಲ್ಮೂಲೆ ಸೊನ್ನೆ, ಸೊನ್ನೆ. ಅದು 1920 ಚುಕ್ಕಿ (ಪಿಕ್ಸೆಲ್) ಅಗಲವಿದ್ದರೆ ಅದಕ್ಕೆ ಒತ್ತಿಕೊಂಡು ಬಲಗಡೆ ಇರುವ ಪರದೆ 1920ರಿಂದ ಶುರುವಾಗುತ್ತದೆ, ಎಡಗಡೆ ಇಟ್ಟರೆ ಅದರ ಅಡ್ಡ ಲೆಕ್ಕ ಋಣಸಂಖ್ಯೆಯಲ್ಲಿ ನಡೆಯುತ್ತದೆ. ಎರಡನೇ ಮಾನಿಟರ್ ತೆಗೆದ ಮೇಲೆ ಕೆಲವು ಪ್ರೋಗ್ರಾಮ್‌ಗಳ ಕಿಟಕಿ ಕಾಣದಿರುವುದಕ್ಕೆ ಇದೇ ಕಾರಣ: ತಾನು ಮುಚ್ಚಿದಾಗ ಇದ್ದ ಸ್ಥಾನವನ್ನು ಪ್ರೋಗ್ರಾಮ್ ನೆನಪಿಟ್ಟುಕೊಂಡು, ಈಗ ಇಲ್ಲದ ಪರದೆಯಲ್ಲಿ ತೆರೆದುಕೊಂಡಿರುತ್ತದೆ. ಟಾಸ್ಕ್‌ಬಾರ್‌ನಲ್ಲಿ ಅದರ ಐಕಾನ್ ಒತ್ತಿ, ವಿಂಡೋಸ್ ಕೀ, ಶಿಫ್ಟ್ ಮತ್ತು ಎಡ ಅಥವಾ ಬಲ ಬಾಣದ ಕೀ ಒತ್ತಿದರೆ ಸಾಮಾನ್ಯವಾಗಿ ಈಚೆ ಬರುತ್ತದೆ. ಬಾರದಿದ್ದರೆ ಆಲ್ಟ್ ಮತ್ತು ಸ್ಪೇಸ್, ಆಮೇಲೆ ಎಂ, ಆಮೇಲೆ ಯಾವುದಾದರೂ ಬಾಣದ ಕೀ ಒಂದು ಸಲ. ಈಗ ಮೌಸ್ ಅಲುಗಾಡಿಸಿದರೆ ಕಿಟಕಿ ಕರ್ಸರ್‌ಗೆ ಅಂಟಿಕೊಂಡು ಬರುತ್ತದೆ, ಬೇಕಾದಲ್ಲಿ ಕ್ಲಿಕ್ ಮಾಡಿ ಬಿಡಬಹುದು.

‘ಚಾಚು’ ಕಿವಿಗೆ ಇಂಪಾಗಿದೆ, ಆದರೆ ಕ್ರಿಯಾಪದದಾಚೆ ಬೆಳೆಯುವುದಿಲ್ಲ. ‘ವಿಸ್ತರಿಸಿದ ಡೆಸ್ಕ್‌ಟಾಪ್’ ಎನ್ನುವಷ್ಟು ಸಲೀಸಾಗಿ ‘ಚಾಚಿದ ಡೆಸ್ಕ್‌ಟಾಪ್’ ಎನ್ನಲಾಗದು. ‘ಹರಡು’ ಪದವನ್ನು ಇನ್ನೊಂದಕ್ಕೆ ಉಳಿಸಿಕೊಳ್ಳಿ: ಒಂದೇ ಚಿತ್ರ ಅಥವಾ ಒಂದೇ ಆಟ ಮೂರು ಮಾನಿಟರ್‌ಗಳ ಮೇಲೂ ಉದ್ದಕ್ಕೆ ಬರುವ ಏರ್ಪಾಡು.

ನೀವು ಬಿಡಬೇಕೆಂದಿರುವ ‘ಹಿಗ್ಗಿಸು’ ನಿಜಕ್ಕೂ ಒಳ್ಳೆಯ ಪದ, ಇಟ್ಟ ಜಾಗ ತಪ್ಪಿದೆ ಅಷ್ಟೆ. ಅದು ‘ಸ್ಕೇಲ್’ಗೆ ಸೇರಬೇಕಾದದ್ದು. 27 ಅಂಗುಲದ 4ಕೆ (3840×2160) ಮಾನಿಟರ್‌ನಲ್ಲಿ ಅಂಗುಲಕ್ಕೆ ಸುಮಾರು 163 ಚುಕ್ಕಿ, 24 ಅಂಗುಲದ 1920×1080 ಮಾನಿಟರ್‌ನಲ್ಲಿ ಸುಮಾರು 92. ಎರಡನ್ನೂ 100 ಶೇಕಡಾದಲ್ಲೇ ಬಿಟ್ಟರೆ 4ಕೆ ಪರದೆಯ ಅಕ್ಷರ ಸಾಸಿವೆಯಷ್ಟಾಗುತ್ತದೆ. ದೊಡ್ಡದಕ್ಕೆ 175 ಕೊಟ್ಟು, ಚಿಕ್ಕದನ್ನು 100ರಲ್ಲೇ ಇಟ್ಟರೆ ಅಕ್ಕಪಕ್ಕದ ಅಕ್ಷರಗಳ ಗಾತ್ರ ಹೆಚ್ಚುಕಡಿಮೆ ಸಮನಾಗುತ್ತದೆ. ಇಲ್ಲಿ ‘ಅಕ್ಷರ ಹಿಗ್ಗಿಸುವ ಪ್ರಮಾಣ’ ಎಂದು ಬರೆದರೆ ಯಾರಿಗೂ ಅರ್ಥವಾಗುತ್ತದೆ. ಜೊತೆಗೆ ಒಂದು ವಾಕ್ಯ ಸೇರಿಸಿ: ಪ್ರಮಾಣ ಬೇರೆ ಬೇರೆ ಇರುವಾಗ ಕಿಟಕಿಯನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ಎಳೆದರೆ ನಡುದಾರಿಯಲ್ಲಿ ಅದರ ಗಾತ್ರ ಬದಲಾಗುತ್ತದೆ, ಅದು ದೋಷವಲ್ಲ. ಹಳೆಯ ಪ್ರೋಗ್ರಾಮ್ ಮಸುಕಾಗಿ ಕಂಡರೆ ಮುಚ್ಚಿ, ಆ ಪರದೆಯಲ್ಲೇ ಮತ್ತೆ ತೆರೆದು ನೋಡಬೇಕು.

ಸ್ಕೇಲ್ ಜಾಗದಲ್ಲಿ ರೆಸಲ್ಯೂಷನ್ (ಚಿತ್ರದ ಅಗಲ, ಎತ್ತರದಲ್ಲಿರುವ ಚುಕ್ಕಿಗಳ ಲೆಕ್ಕ) ಇಳಿಸುವವರು ಬಹಳ ಮಂದಿ. ಎಲ್‌ಸಿಡಿ ಮಾನಿಟರ್‌ನ ಚುಕ್ಕಿಗಳ ಸಂಖ್ಯೆ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ರೆಸಲ್ಯೂಷನ್ ಇಳಿಸಿದರೆ ಅಕ್ಷರ ದೊಡ್ಡದಾಗುವುದು ನಿಜ, ಆದರೆ ಅಂಚುಗಳೆಲ್ಲ ಕಲಸಿಹೋಗುತ್ತವೆ. ‘ರೆಸಲ್ಯೂಷನ್’ ಹಾಗೇ ಇರಲಿ. ‘ಸ್ಪಷ್ಟತೆ’ ಎಂದರೆ ಮಾನಿಟರ್‌ನ ಶಾರ್ಪ್‌ನೆಸ್ ಆಯ್ಕೆಗೆ ಮತ್ತೊಂದು ಪದ ಹುಡುಕಬೇಕಾಗುತ್ತದೆ.

ಡೂಪ್ಲಿಕೇಟ್‌ಗೆ ‘ಪ್ರತಿಬಿಂಬ’ ಬೇಡ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಪ್ರೊಜೆಕ್ಟರ್‌ಗಳಲ್ಲಿ ಚಿತ್ರವನ್ನು ನಿಜವಾಗಿಯೂ ಎಡಬಲ ತಿರುಗಿಸುವ ಆಯ್ಕೆಯೊಂದಿದೆ, ಪರದೆಯ ಹಿಂದಿನಿಂದ ಬೆಳಕು ಬಿಡುವಾಗ ಅದು ಬೇಕು. ‘ಪ್ರತಿಬಿಂಬ’ ಅದಕ್ಕಿರಲಿ. ಮ್ಯಾಕ್‌ನಲ್ಲಿ ‘ಮಿರರ್’ ಎಂದಿರುವುದೂ ವಿಂಡೋಸ್‌ನ ಡೂಪ್ಲಿಕೇಟ್ ಕೆಲಸವನ್ನೇ ಮಾಡುತ್ತದೆ, ಎರಡಕ್ಕೂ ಒಂದೇ ಪದ ಸಾಕು. ‘ನಕಲು’ ಎಂದರೆ ಕಡತದ ಕಾಪಿ ನೆನಪಾಗುತ್ತದೆ. ‘ಪಡಿಯಚ್ಚು’ ಅಚ್ಚಗನ್ನಡ, ಅರ್ಥವೂ ಕರಾರುವಾಕ್ಕು, ಆದರೆ ಮೆನುವಿನಲ್ಲಿ ಕಂಡರೆ ಹೊಸಬರು ತಡವರಿಸುತ್ತಾರೆ. ‘ಎರಡರಲ್ಲೂ ಅದೇ ಚಿತ್ರ’ ಎಂಬುದು ನನ್ನ ಆಯ್ಕೆ. ಉದ್ದವಾದರೂ ತೊಡಕಿನ ಕಾರಣವನ್ನು ಅದೇ ಹೇಳಿಬಿಡುತ್ತದೆ: ಚಿತ್ರ ಒಂದೇ ಆದ್ದರಿಂದ ಎರಡಕ್ಕೂ ಒಗ್ಗುವ ರೆಸಲ್ಯೂಷನ್ ಬೇಕು. 1920×1200ರ ಲ್ಯಾಪ್‌ಟಾಪನ್ನು 1920×1080ರ ಪ್ರೊಜೆಕ್ಟರ್‌ಗೆ ಹಾಕಿದಾಗ ಲ್ಯಾಪ್‌ಟಾಪಿನ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವುದು ಅದಕ್ಕೇ.

‘ಪ್ರಾಥಮಿಕ’ ಎಂದೊಡನೆ ಶಾಲೆ ನೆನಪಾಗುತ್ತದೆ. ‘ಮುಖ್ಯ ಪರದೆ’ ಸಾಕು. ಆದರೆ ‘ಒಂದನೇ’, ‘ಎರಡನೇ’ ಎಂಬ ಮಾತುಗಳಲ್ಲಿ ಎಚ್ಚರವಿರಲಿ. ಸೆಟ್ಟಿಂಗ್ಸ್‌ನಲ್ಲಿ ‘ಐಡೆಂಟಿಫೈ’ ಒತ್ತಿದಾಗ ಪರದೆಗಳ ಮೇಲೆ ಮೂಡುವ 1, 2 ಎಂಬ ಅಂಕಿಗೂ ಮುಖ್ಯ ಪರದೆಗೂ ಸಂಬಂಧವಿಲ್ಲ. 2 ಎಂದು ತೋರಿಸಿದ ಪರದೆಯನ್ನೂ ಮುಖ್ಯ ಮಾಡಬಹುದು: ಅದರ ಚೌಕವನ್ನು ಆರಿಸಿ, ‘ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ’ಗೆ ಗುರುತು ಹಾಕಿದರಾಯಿತು. ಲ್ಯಾಪ್‌ಟಾಪ್ ಬಳಸುವವರಿಗೆ ‘ಲ್ಯಾಪ್‌ಟಾಪ್ ಪರದೆ ಮಾತ್ರ’, ‘ಹೊರಗಿನ ಮಾನಿಟರ್ ಮಾತ್ರ’ ಎಂದು ವಿವರಿಸಿ. ‘ಹೊರಗಿನ ಮಾನಿಟರ್ ಮಾತ್ರ’ ಆರಿಸಿ, ಆ ಮಾನಿಟರ್‌ನಲ್ಲಿ ಏನೂ ಬಾರದೆ ಎರಡೂ ಕತ್ತಲಾದರೆ ಕೇಬಲ್ ಕಿತ್ತರೆ ಸಾಕು, ಲ್ಯಾಪ್‌ಟಾಪ್ ಪರದೆ ಮರಳುತ್ತದೆ.

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಕರಡಿನಲ್ಲಿ ಇರಬಹುದಾದ ಇನ್ನೊಂದು ಪದದ ಬಗ್ಗೆ ಹೇಳಬೇಕು: ‘ಜೋಡಿಸು’. ಕೇಬಲ್ ಸಿಕ್ಕಿಸುವುದಕ್ಕೂ ‘ಜೋಡಿಸು’, ಸೆಟ್ಟಿಂಗ್ಸ್‌ನಲ್ಲಿ ಚೌಕಗಳನ್ನು ಎಳೆದು ಕ್ರಮವಾಗಿ ಇಡುವುದಕ್ಕೂ ‘ಜೋಡಿಸು’ ಎಂದರೆ ಎರಡನೆಯದನ್ನು ಜನ ಮಾಡುವುದೇ ಇಲ್ಲ, ಕೇಬಲ್ ಜೋಡಿಸಿ ಆಯಿತಲ್ಲ ಎಂದುಕೊಳ್ಳುತ್ತಾರೆ. ಮೊದಲನೆಯದಕ್ಕೆ ‘ಜೋಡಿಸು’, ಎರಡನೆಯದಕ್ಕೆ ‘ಸಾಲುಗೂಡಿಸು’ ಇಟ್ಟುಕೊಳ್ಳಬಹುದು. ಅದನ್ನು ಮಾಡದಿದ್ದರೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ. ಎಡಗಡೆ ಇರುವ ಮಾನಿಟರ್ ಸೆಟ್ಟಿಂಗ್ಸ್‌ನಲ್ಲಿ ಬಲಗಡೆ ಇದ್ದರೆ ಕರ್ಸರ್ ಎಡ ಅಂಚಿಗೆ ಬಡಿದು ನಿಲ್ಲುತ್ತದೆ. 4ಕೆ ಪಕ್ಕದಲ್ಲಿ 1920×1080 ಇದ್ದರೆ ಮೊದಲನೆಯ ಚೌಕ ಎತ್ತರದಲ್ಲಿ ಎರಡರಷ್ಟು. ಎರಡೂ ಚೌಕಗಳ ಅಂಚು ತಾಗಿರುವಷ್ಟು ಉದ್ದದಲ್ಲಿ ಮಾತ್ರ ಕರ್ಸರ್ ದಾಟುತ್ತದೆ, ಉಳಿದ ಅರ್ಧ ಗೋಡೆ. ಕಣ್ಣಮುಂದಿನ ಮಾನಿಟರ್‌ಗಳು ಎಲ್ಲಿ ಒಂದರ ಪಕ್ಕ ಒಂದು ಬರುತ್ತವೋ ಅಲ್ಲಿಗೇ ಚಿಕ್ಕ ಚೌಕವನ್ನು ಮೇಲೆ ಕೆಳಗೆ ಸರಿಸಿ ‘ಅಪ್ಲೈ’ ಒತ್ತಬೇಕು. ವಿಂಡೋಸ್ 11ರಲ್ಲಿ ‘ಈಸ್ ಕರ್ಸರ್ ಮೂವ್‌ಮೆಂಟ್ ಬಿಟ್ವೀನ್ ಡಿಸ್‌ಪ್ಲೇಸ್’ ಎಂಬ ಆಯ್ಕೆ ಈ ಗೋಡೆಯನ್ನು ತೆಗೆಯುತ್ತದೆ.

‘ಸ್ಪ್ಲಿಟರ್’ ಪದವನ್ನು ‘ವಿಭಜಕ’ ಎಂದು ಮಾಡಬೇಡಿ. ಒಂದು ಎಚ್‌ಡಿಎಂಐ ಪೋರ್ಟನ್ನು ಎರಡು ಮಾಡುವ ಆ ಪೆಟ್ಟಿಗೆ ಏನನ್ನೂ ವಿಭಜಿಸುವುದಿಲ್ಲ, ಒಂದೇ ಚಿತ್ರವನ್ನು ಎರಡು ಕಡೆ ಕಳಿಸುತ್ತದೆ. ಡೆಸ್ಕ್‌ಟಾಪ್ ವಿಸ್ತರಿಸಲು ಅದು ಬಾರದು, ಎಷ್ಟು ದುಡ್ಡು ಕೊಟ್ಟರೂ ಬಾರದು. ಒಂದೇ ಪೋರ್ಟಿನಿಂದ ಎರಡು ಬೇರೆ ಚಿತ್ರ ಬೇಕೆಂದರೆ ಸಾಮಾನ್ಯವಾಗಿ ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐಯಂತೆ ಚಿತ್ರ ಕಳಿಸುವ ಇನ್ನೊಂದು ಬಗೆಯ ಪೋರ್ಟ್) ಬೇಕು, ಅದರಲ್ಲಿ ಎಂಎಸ್‌ಟಿ (ಒಂದೇ ಕೇಬಲ್‌ನಲ್ಲಿ ಹಲವು ಬೇರೆ ಚಿತ್ರ ಕಳಿಸುವ ಸೌಲಭ್ಯ) ಇರಬೇಕು. ಆಗ ಎಂಎಸ್‌ಟಿ ಹಬ್ ಹಾಕಬಹುದು, ಅಥವಾ ಮೊದಲ ಮಾನಿಟರ್‌ನ ಡಿಸ್‌ಪ್ಲೇಪೋರ್ಟ್ ಔಟ್‌ನಿಂದ ಎರಡನೆಯದಕ್ಕೆ ಕೇಬಲ್ ಎಳೆಯಬಹುದು. ‘ಡೈಸಿ ಚೈನ್’ ಎನ್ನುವ ಇದಕ್ಕೆ ‘ಸರಪಳಿ ಜೋಡಣೆ’ ಚೆನ್ನಾಗಿ ಹೊಂದುತ್ತದೆ. ಮೊದಲ ಮಾನಿಟರ್‌ನ ಮೆನುವಿನಲ್ಲಿ ಎಂಎಸ್‌ಟಿ ಆನ್ ಮಾಡಬೇಕು. ಡಿಸ್‌ಪ್ಲೇಪೋರ್ಟ್ 1.2ರ ಒಂದು ಕೇಬಲ್‌ನಲ್ಲಿ 60 ಹರ್ಟ್ಸ್‌ನ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ) 1920×1080 ಮಾನಿಟರ್ ಆದರೆ ನಾಲ್ಕು, 2560×1440 ಆದರೆ ಎರಡು, 4ಕೆ ಆದರೆ ಒಂದೇ ಹಿಡಿಸುವುದು. ಮ್ಯಾಕ್‌ಗಳಲ್ಲಿ ಎಂಎಸ್‌ಟಿಯಿಂದ ಡೆಸ್ಕ್‌ಟಾಪ್ ವಿಸ್ತರಿಸಲು ಆಗುವುದಿಲ್ಲ, ಎರಡು ಮಾನಿಟರ್‌ಗಳಲ್ಲೂ ಅದೇ ಚಿತ್ರ ಬರುತ್ತದೆ. ಆ ಮಾತು ಕೈಪಿಡಿಯಲ್ಲಿ ಇರಲೇಬೇಕು.

ಅಡಾಪ್ಟರ್ ಬಗ್ಗೆಯೂ ಒಂದು ಮಾತು. ‘ಡಿಸ್‌ಪ್ಲೇಪೋರ್ಟ್–ಎಚ್‌ಡಿಎಂಐ ಅಡಾಪ್ಟರ್’ ಎಂದಷ್ಟೇ ಬರೆದರೆ ಯಾವ ಕಡೆಯಿಂದ ಯಾವ ಕಡೆಗೆ ಎಂಬುದು ತಿಳಿಯದು. ಕಂಪ್ಯೂಟರ್‌ನ ಡಿಸ್‌ಪ್ಲೇಪೋರ್ಟ್‌ನಿಂದ ಮಾನಿಟರ್‌ನ ಎಚ್‌ಡಿಎಂಐಗೆ ಹೋಗಲು ಸಾದಾ ಅಡಾಪ್ಟರ್ ಸಾಮಾನ್ಯವಾಗಿ ಸಾಕು, ತಿರುಗಾ ಹಾಕಿದರೆ ಕೆಲಸ ಮಾಡದು. ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟ್‌ಗೆ ಪವರ್ ಬೇಕಾಗುವ ಪರಿವರ್ತಕವೇ ಬೇಕು. ಕನ್ನಡದಲ್ಲಿ ನಮಗೆ ‘ಇಂದ’, ‘ಗೆ’ ಇವೆ. ಅಡ್ಡಗೆರೆಯ ಬದಲು ಅವನ್ನು ಬಳಸಿದರೆ ತಪ್ಪು ವಸ್ತು ಕೊಳ್ಳುವುದು ತಪ್ಪುತ್ತದೆ.

ಮರುಪ್ರಶ್ನೆ

ಇಬ್ಬರಿಗೂ ವಂದನೆಗಳು. ‘ಡೆಸ್ಕ್‌ಟಾಪ್ ವಿಸ್ತರಿಸು’, ‘ಎರಡರಲ್ಲೂ ಅದೇ ಚಿತ್ರ’, ‘ಮುಖ್ಯ ಪರದೆ’, ‘ಸಾಲುಗೂಡಿಸು’ ನಾಲ್ಕನ್ನೂ ತೆಗೆದುಕೊಂಡಿದ್ದೇವೆ. ತೊಂದರೆ ನಿವಾರಣೆಯ ಅಧ್ಯಾಯದ ತಲೆಬರಹ ‘ಪರದೆ ಬರುತ್ತಿಲ್ಲ’ ಎಂದಿದೆ. ಸಾಕೇ?

ಉತ್ತರ

ಸಾಲದು, ಅದನ್ನು ಮೂರಾಗಿ ಒಡೆಯಿರಿ. ಮಾನಿಟರ್ ತಾನೇ ಮೂರು ಬೇರೆ ಸ್ಥಿತಿಗಳನ್ನು ತೋರಿಸುತ್ತದೆ.

‘ನೋ ಸಿಗ್ನಲ್’ ಎಂದರೆ ಮಾನಿಟರ್‌ಗೆ ಜೀವವಿದೆ, ಅದು ನೋಡುತ್ತಿರುವ ಪೋರ್ಟಿಗೆ ಏನೂ ಬರುತ್ತಿಲ್ಲ. ಇದಕ್ಕೆ ‘ಸಿಗ್ನಲ್ ಬರುತ್ತಿಲ್ಲ’ ಎನ್ನಿ. ಮೊದಲು ಮಾನಿಟರ್‌ನ ಇನ್‌ಪುಟ್ ಆಯ್ಕೆ ನೋಡಬೇಕು: ಕೇಬಲ್ ಡಿಸ್‌ಪ್ಲೇಪೋರ್ಟ್‌ನಲ್ಲಿದ್ದು ಮೆನು ಎಚ್‌ಡಿಎಂಐನಲ್ಲಿರುವುದು ತೀರಾ ಸಾಮಾನ್ಯ. ಆಮೇಲೆ ಕಂಪ್ಯೂಟರ್‌ನ ಹಿಂಬದಿ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಮದರ್‌ಬೋರ್ಡ್‌ನ ಪೋರ್ಟುಗಳು ಎಷ್ಟೋ ಸಲ ನಿಷ್ಕ್ರಿಯವಾಗಿರುತ್ತವೆ, ಎರಡೂ ಕೇಬಲ್ ಕಾರ್ಡಿನಲ್ಲೇ ಇರಬೇಕು. ಯುಎಸ್‌ಬಿ–ಸಿ ಆದರೆ ಆ ಪೋರ್ಟ್ ಚಿತ್ರ ಕಳಿಸಬಲ್ಲದೇ ಎಂದು ಯಂತ್ರದ ವಿವರಪಟ್ಟಿಯಲ್ಲಿ ನೋಡಬೇಕು. ಆಕಾರ ಒಂದೇ ಆದರೂ ಎಲ್ಲವೂ ಕಳಿಸುವುದಿಲ್ಲ.

‘ಔಟ್ ಆಫ್ ರೇಂಜ್’ ಅಥವಾ ‘ಇನ್‌ಪುಟ್ ನಾಟ್ ಸಪೋರ್ಟೆಡ್’ ಎಂದರೆ ಸಿಗ್ನಲ್ ಬರುತ್ತಿದೆ, ಮಾನಿಟರ್‌ನ ಮಿತಿ ಮೀರಿದೆ. ‘ಮಾನಿಟರ್ ಮಿತಿ ಮೀರಿದೆ’ ಎಂದೇ ಬರೆಯಿರಿ. ರೆಸಲ್ಯೂಷನ್ ಅಥವಾ ರಿಫ್ರೆಶ್ ರೇಟ್ (ಹರ್ಟ್ಸ್ ಲೆಕ್ಕ) ಇಳಿಸಬೇಕು. ವಿಂಡೋಸ್‌ನಲ್ಲಿ ಬದಲಾವಣೆಯ ನಂತರ ‘ಕೀಪ್ ಚೇಂಜಸ್’ ಒತ್ತದೆ ಸುಮ್ಮನೆ ಕಾದರೆ ಹಳೆಯ ಸ್ಥಿತಿಗೆ ತಾನೇ ಮರಳುತ್ತದೆ.

ಮೂರನೆಯದು, ಮಾನಿಟರ್ ಸುಮ್ಮನೆ ನಿದ್ದೆಗೆ ಜಾರುವುದು, ಅಥವಾ ಚಿತ್ರ ಬಂದು ಬಂದು ಹೋಗುವುದು. ಕೇಬಲ್ ಮೇಲೆ ಮೊದಲ ಅನುಮಾನ ಇರಲಿ. 60 ಹರ್ಟ್ಸ್‌ನ 4ಕೆ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 12 ಗಿಗಾಬಿಟ್ ಹರಿಯಬೇಕು. ಹಳೆಯ ಅಥವಾ ಅತಿ ಉದ್ದದ ಕೇಬಲ್ ಅದನ್ನು ತಾಳಲಾರದು. 30 ಹರ್ಟ್ಸ್‌ಗೆ ಇಳಿಸಿದಾಗ ಚಿತ್ರ ಗಟ್ಟಿಯಾಗಿ ನಿಂತರೆ ಕೇಬಲ್, ಅಡಾಪ್ಟರ್ ಅಥವಾ ಡಾಕ್ (ಲ್ಯಾಪ್‌ಟಾಪ್‌ಗೆ ಹೆಚ್ಚಿನ ಪೋರ್ಟುಗಳನ್ನು ಕೊಡುವ ಪೆಟ್ಟಿಗೆ), ಮೂರರಲ್ಲಿ ಒಂದರ ತ್ರಾಣ ಸಾಲದಾಗಿದೆ ಎಂದು ತಿಳಿಯಬೇಕು. ಡಾಕ್ ಬಿಟ್ಟು, ಚಿಕ್ಕ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ನೇರವಾಗಿ ಜೋಡಿಸಿ ನೋಡುವ ಹಂತ ಇಲ್ಲಿ ಬರಲಿ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಶುರುವಾಗುತ್ತದೆ, ತೆರೆದ ಕೆಲಸ ಹಾಗೇ ಉಳಿಯುತ್ತದೆ. ಅದನ್ನು ಕಂಪ್ಯೂಟರ್ ರೀಸ್ಟಾರ್ಟ್ ಮಾಡುವ ಹಂತಕ್ಕಿಂತ ಮೊದಲು ಹಾಕಿ.